ವೈಕಿಂಗ್ ಪದಕ ಕೊಳ್ಳುವ ಮುನ್ನ: ಯಾವುದರ ಪ್ರತಿಕೃತಿ ಎಂದು ಪತ್ತೆ ಹಚ್ಚುವ ಕ್ರಮ

ಬೆಳ್ಳಿಯ ಸುತ್ತಿಗೆ ಪದಕವೊಂದರ ಚಿತ್ರ ಕಳಿಸಿ "ಇದು ಅಸಲಿ ವೈಕಿಂಗ್ ಆಭರಣವೇ?" ಎಂದು ಕೇಳುವ ಓದುಗರು ಹೆಚ್ಚುತ್ತಲೇ ಇದ್ದಾರೆ. ಒಬ್ಬೊಬ್ಬರಿಗೂ ಬೇರೆಬೇರೆಯಾಗಿ ಉತ್ತರಿಸುವ ಬದಲು ಎಲ್ಲವನ್ನೂ ಇಲ್ಲಿ ಒಟ್ಟಿಗೆ ಬರೆದಿದ್ದೇನೆ. ವೈಕಿಂಗರೆಂದರೆ ಸುಮಾರು ಸಾವಿರ ವರ್ಷಗಳ ಹಿಂದೆ ನಾರ್ವೆ, ಸ್ವೀಡನ್, ಡೆನ್ಮಾರ್ಕ್‌ಗಳಿಂದ ಹೊರಟ ಕಡಲ ದಾಳಿಕೋರರು ಮತ್ತು ವರ್ತಕರು. ಸಾವಿರ ವರ್ಷ ಹಳೆಯ ಅಸಲಿ ಪದಕ ಇರಬೇಕಾದ ಜಾಗ ಮ್ಯೂಸಿಯಂ. ನಿಮ್ಮ ಕೈಗೆ ಬರುವುದು ಅದರ ಪ್ರತಿಕೃತಿ. ಆದ್ದರಿಂದ ವ್ಯಾಪಾರಿಯನ್ನು ಕೇಳಬೇಕಾದದ್ದು "ಅಸಲಿಯೇ?" ಎಂದಲ್ಲ, "ಯಾವುದರ ಪ್ರತಿಕೃತಿ?" ಎಂದು. ಯಾವ ಊರಿನ ನೆಲದಲ್ಲಿ ಸಿಕ್ಕಿತು, ಈಗ ಯಾವ ಮ್ಯೂಸಿಯಮ್ಮಿನಲ್ಲಿದೆ, ಎಷ್ಟು ಸೆಂಟಿಮೀಟರ್ ಇದೆ, ಯಾವ ಲೋಹದ್ದು? ಈ ನಾಲ್ಕಕ್ಕೆ ಉತ್ತರ ಸಿಕ್ಕರೆ ಅದು ಪ್ರತಿಕೃತಿ. ಸಿಗದಿದ್ದರೆ ಅದೊಂದು ಚೆಂದದ ಲಾಕೆಟ್ಟು, ಅಷ್ಟೇ. ಲಾಕೆಟ್ಟು ಕೊಳ್ಳುವುದರಲ್ಲಿ ತಪ್ಪೇನೂ ಇಲ್ಲ, ಆದರೆ ಪ್ರತಿಕೃತಿಯ ಬೆಲೆ ಕೊಟ್ಟು ಕೊಳ್ಳಬೇಡಿ.

ಬೇಕಾಗುವ ಸಾಮಾನು ಹೆಚ್ಚಿಲ್ಲ. ಮಿಲಿಮೀಟರ್ ಗೆರೆಗಳಿರುವ ಅಳತೆಪಟ್ಟಿ, ಅಕ್ಕಸಾಲಿಗರು ಬಳಸುವಂಥ ಹತ್ತು ಪಟ್ಟು ದೊಡ್ಡದು ಮಾಡಿ ತೋರಿಸುವ ಮಸೂರ, ಒಂದು ಆಯಸ್ಕಾಂತ, ಗ್ರಾಮಿನ ಹತ್ತನೇ ಒಂದು ಭಾಗವನ್ನೂ ತೋರಿಸುವ ಸಣ್ಣ ಡಿಜಿಟಲ್ ತಕ್ಕಡಿ, ಒಂದು ಲೋಟ ನೀರು. ಜೊತೆಗೆ ಇಂಟರ್‌ನೆಟ್ ಸಂಪರ್ಕ ಮತ್ತು ಒಂದು ಸಂಜೆಯಷ್ಟು ತಾಳ್ಮೆ.

1. ಕಾಲ ಮತ್ತು ಸೀಮೆಯನ್ನು ಗೊತ್ತು ಮಾಡಿಕೊಳ್ಳಿ

ಇಂಗ್ಲೆಂಡಿನ ಲಿಂಡಿಸ್‌ಫಾರ್ನ್ ಮಠದ ಮೇಲೆ ದಾಳಿ ನಡೆದ 793ರಿಂದ ಸ್ಟ್ಯಾಂಫರ್ಡ್ ಬ್ರಿಜ್ ಕಾಳಗದ 1066ರವರೆಗಿನ ಅವಧಿಯನ್ನು ಸಾಮಾನ್ಯವಾಗಿ ವೈಕಿಂಗ್ ಯುಗ ಎನ್ನುತ್ತಾರೆ. ಇನ್ನೂರೆಪ್ಪತ್ತಕ್ಕೂ ಹೆಚ್ಚು ವರ್ಷಗಳ ಈ ಅವಧಿಯಲ್ಲಿ ಒಡವೆಯ ಶೈಲಿ ಒಂದೇ ಆಗಿರಲಿಲ್ಲ. ವಿದ್ವಾಂಸರು ಶೈಲಿಗಳಿಗೆ ಊರಿನ ಅಥವಾ ಸಿಕ್ಕ ಜಾಗದ ಹೆಸರಿಟ್ಟಿದ್ದಾರೆ: ಮೊದಲಿಗೆ ಓಸೆಬೆರ್ಗ್, ಆಮೇಲೆ ಬೊರ್ರೆ, ಯೆಲ್ಲಿಂಗ್, ಮಾಮ್ಮೆನ್, ರಿಂಗೆರಿಕೆ, ಕೊನೆಗೆ ಉರ್ನೆಸ್. ಇವನ್ನೆಲ್ಲ ಬಾಯಿಪಾಠ ಮಾಡಬೇಕಿಲ್ಲ. ಬೊರ್ರೆ ಶೈಲಿಯ ಪ್ರಾಣಿ ತನ್ನ ಕಾಲಿನಿಂದ ಚೌಕಟ್ಟನ್ನೋ ತನ್ನ ಮೈಯನ್ನೋ ಬಿಗಿಯಾಗಿ ಹಿಡಿದಿರುತ್ತದೆ. ಉರ್ನೆಸ್ ಶೈಲಿಯ ಪ್ರಾಣಿ ಬಳ್ಳಿಯಂತೆ ತೆಳ್ಳಗೆ ಸುತ್ತಿಕೊಂಡು ಹರಿದಿರುತ್ತದೆ. ಎರಡರ ನಡುವೆ ಸುಮಾರು ಇನ್ನೂರು ವರ್ಷಗಳ ಅಂತರವಿದೆ. ಒಂದೇ ಪದಕದಲ್ಲಿ ಎರಡೂ ಇದ್ದರೆ ಅದನ್ನು ರೂಪಿಸಿದವರು ಯಾವ ಉತ್ಖನನವನ್ನೂ ನೋಡಿಲ್ಲ ಎಂದು ತಿಳಿಯಿರಿ.

ಸೀಮೆಯೂ ಅಷ್ಟೇ ಮುಖ್ಯ. ಸ್ವೀಡನ್ನಿನ ಮುಖ್ಯ ನೆಲದಲ್ಲಿ ಮತ್ತು ನಾರ್ವೆಯಲ್ಲಿ ಹೆಂಗಸರು ಹೆಗಲ ಮೇಲೆ ಅಂಡಾಕಾರದ ಜೋಡಿ ಬ್ರೂಚ್ (ಬಟ್ಟೆಗೆ ಸೂಜಿಯಿಂದ ಸಿಕ್ಕಿಸುವ ಒಡವೆ) ತೊಡುತ್ತಿದ್ದ ಕಾಲದಲ್ಲೇ, ಪಕ್ಕದ ಗೋಟ್ಲಂಡ್ ದ್ವೀಪದ ಹೆಂಗಸರು ಪ್ರಾಣಿಯ ತಲೆಯಂತಿರುವ ಮತ್ತು ದುಂಡು ಡಬ್ಬಿಯಂತಿರುವ ಬ್ರೂಚ್‌ಗಳನ್ನು ಧರಿಸುತ್ತಿದ್ದರು. "ಅಪ್ಪಟ ವೈಕಿಂಗ್ ಸೆಟ್" ಎಂದು ಇವೆರಡನ್ನೂ ಒಂದೇ ಪೆಟ್ಟಿಗೆಯಲ್ಲಿಟ್ಟು ಮಾರುವವರಿದ್ದಾರೆ.

2. ವೈಕಿಂಗರದಲ್ಲದ್ದನ್ನು ಮೊದಲೇ ಬದಿಗಿಡಿ

ಹೆಚ್ಚಿನವರು ಮೋಸಹೋಗುವುದು ಇಲ್ಲೇ, ಅದಕ್ಕೇ ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ಎಂಟು ಕವಲುಗಳ ದಿಕ್ಸೂಚಿಯಂಥ "ವೆಗ್‌ವೀಸಿರ್" ಚಿಹ್ನೆ ಅತಿ ಹೆಚ್ಚು ಮಾರಾಟವಾಗುವ "ವೈಕಿಂಗ್ ತಾಯಿತ". ಅದರ ಆಧಾರ ಐಸ್‌ಲ್ಯಾಂಡಿನಲ್ಲಿ 1860ರಲ್ಲಿ ಬರೆದ ಒಂದು ಹಸ್ತಪ್ರತಿ. ವೈಕಿಂಗ್ ಯುಗ ಮುಗಿದು ಆಗ ಎಂಟು ಶತಮಾನ ಸಮೀಪಿಸಿತ್ತು. ತ್ರಿಶೂಲಗಳು ಸುತ್ತಲೂ ಚಾಚಿಕೊಂಡಂತಿರುವ "ಎಗಿಸ್‌ಹ್ಯಾಲ್ಮುರ್" ಚಿತ್ರವೂ ಐಸ್‌ಲ್ಯಾಂಡಿನ ನಂತರದ ಕಾಲದ ಮಾಟಮಂತ್ರದ ಹೊತ್ತಗೆಗಳಿಂದ ಬಂದದ್ದು. ಆ ಹೆಸರು ಹಳೆಯ ಸಾಹಿತ್ಯದಲ್ಲಿದೆ, ಚಿತ್ರ ಅಲ್ಲಿಲ್ಲ. ತಂತಿಯನ್ನು ಬಾಗಿಸಿ ಕೆಳಗೆ ಎರಡು ಸುರುಳಿ ಮಾಡಿದ "ಟ್ರೋಲ್ ಕ್ರಾಸ್" ಸ್ವೀಡನ್ನಿನಲ್ಲಿ 1990ರ ದಶಕದಲ್ಲಿ ಹುಟ್ಟಿದ ವಿನ್ಯಾಸ. ಕೊಂಬಿನ ಶಿರಸ್ತ್ರಾಣದ ಪುಟ್ಟ ಪದಕವನ್ನು ನೋಡಿದೊಡನೆ ಮುಂದೆ ಹೋಗಿ: ಡೆನ್ಮಾರ್ಕಿನ ವೆಕ್ಸೋದಲ್ಲಿ 1942ರಲ್ಲಿ ಸಿಕ್ಕ ಕೊಂಬಿನ ಶಿರಸ್ತ್ರಾಣಗಳು ಕಂಚಿನ ಯುಗದವು, ವೈಕಿಂಗರಿಗಿಂತ ಸಾವಿರದೇಳುನೂರು ವರ್ಷಗಳಷ್ಟು ಹಳೆಯವು. ನಾರ್ವೆಯ ಯೆರ್ಮುಂಡ್ಬುವಿನಲ್ಲಿ ಸಿಕ್ಕ ನಿಜವಾದ ವೈಕಿಂಗ್ ಶಿರಸ್ತ್ರಾಣಕ್ಕೆ ಕೊಂಬಿಲ್ಲ, ಕಣ್ಣಿನ ಸುತ್ತ ಕನ್ನಡಕದಂಥ ರಕ್ಷೆಯಿದೆ.

ಮೂರು ತ್ರಿಕೋನಗಳು ಹೆಣೆದುಕೊಂಡ "ವಾಲ್ಕ್ನುಟ್" ಇವುಗಳ ಸಾಲಿಗೆ ಸೇರುವುದಿಲ್ಲ. ಆ ಚಿತ್ರ ಗೋಟ್ಲಂಡಿನ ಕೆತ್ತನೆಯ ಕಲ್ಲುಗಳ ಮೇಲೆ ನಿಜವಾಗಿಯೂ ಇದೆ. ಆದರೆ ಹೆಸರೂ ಅದಕ್ಕೆ ಹೇಳುವ ಅರ್ಥವೂ ನಮ್ಮ ಕಾಲದವು. ಆ ಕಲ್ಲಿನ ಚಿತ್ರವನ್ನು ಹಾಗೇ ನಕಲು ಮಾಡಿದ ಪದಕವಾದರೆ ಒಪ್ಪಬಹುದು, "ವೈಕಿಂಗ್ ಯೋಧರು ಧರಿಸುತ್ತಿದ್ದ ತಾಯಿತ" ಎಂಬ ವಿವರಣೆಯನ್ನು ಒಪ್ಪಬೇಡಿ.

ರೂನ್ ಲಿಪಿಯಲ್ಲೂ ಒಂದು ಸುಲಭ ಪರೀಕ್ಷೆ ಇದೆ. ರೂನ್ ಎಂದರೆ ಮರ, ಕಲ್ಲು, ಲೋಹಗಳ ಮೇಲೆ ಕೊರೆಯಲು ಬಳಸುತ್ತಿದ್ದ ನೇರ ಗೆರೆಗಳ ಅಕ್ಷರ. ಹಳೆಯ ವರಸೆಯಲ್ಲಿ 24 ಅಕ್ಷರಗಳಿದ್ದವು. ವೈಕಿಂಗ್ ಯುಗದ ಹೊತ್ತಿಗೆ ಅದು 16ಕ್ಕೆ ಇಳಿದಿತ್ತು. "ವೈಕಿಂಗ್ ರೂನ್ ಉಂಗುರ" ಎಂದು ಮಾರುವ ಬಹುಪಾಲು ಉಂಗುರಗಳ ಸುತ್ತ ಹಳೆಯ 24 ಅಕ್ಷರಗಳು ಸಾಲಾಗಿರುತ್ತವೆ. ಎಣಿಸಿ ನೋಡಿ, ಒಂದು ನಿಮಿಷದ ಕೆಲಸ.

ಇನ್ನೊಂದು ಎಚ್ಚರಿಕೆ, ವಿಶೇಷವಾಗಿ ಯುರೋಪಿನಲ್ಲಿರುವ ಕನ್ನಡಿಗರಿಗೆ. ಮುರಿದ ಕಡ್ಡಿಗಳ ಚಕ್ರದಂತಿರುವ "ಕಪ್ಪು ಸೂರ್ಯ" ಚಿಹ್ನೆ ವೈಕಿಂಗರದಲ್ಲ. ನಾಜಿ ಕಾಲದಲ್ಲಿ ಜರ್ಮನಿಯ ವೇವೆಲ್ಸ್‌ಬುರ್ಗ್ ಕೋಟೆಯ ನೆಲಹಾಸಿನಲ್ಲಿ ಕೂಡಿಸಿದ ವಿನ್ಯಾಸ ಅದು. ಸ್ವಸ್ತಿಕ ವೈಕಿಂಗ್ ಕಾಲದ ವಸ್ತುಗಳ ಮೇಲೆ ನಿಜಕ್ಕೂ ಕಾಣಿಸುತ್ತದೆ, ನಮಗೆ ಅದು ಹೊಸ್ತಿಲ ರಂಗೋಲಿಯಷ್ಟು ಪರಿಚಿತ. ಹಾಗೆಂದು ರೂನ್ ಅಕ್ಷರಗಳ ಪಕ್ಕದಲ್ಲಿ ಸ್ವಸ್ತಿಕವಿರುವ ಪದಕ ಹಾಕಿಕೊಂಡು ಬರ್ಲಿನ್ ರಸ್ತೆಯಲ್ಲಿ ನಡೆದರೆ ನೋಡುವವರು ಬೇರೆಯೇ ಅರ್ಥ ಮಾಡಿಕೊಳ್ಳುತ್ತಾರೆ. ನಾಜಿ ಸಂಘಟನೆಗಳ ಚಿಹ್ನೆಗಳನ್ನು ಸಾರ್ವಜನಿಕವಾಗಿ ತೋರಿಸುವುದು ಅಲ್ಲಿ ಅಪರಾಧ. ಇಂಥ ಪದಕ ಮಾರುವ ಅಂಗಡಿಯಲ್ಲಿ ಬೇರೇನನ್ನೂ ಕೊಳ್ಳದಿರುವುದೇ ಲೇಸು.

3. ಒಂದು ನಿರ್ದಿಷ್ಟ ವಸ್ತುವನ್ನು ಆರಿಸಿಕೊಳ್ಳಿ

"ಥಾರ್‌ನ ಸುತ್ತಿಗೆ ಬೇಕು" ಎಂದರೆ ಸಾಲದು, "ಯಾವ ಸುತ್ತಿಗೆ?" ಎಂಬುದು ತಲೆಯಲ್ಲಿರಬೇಕು. ಗುಡುಗಿನ ದೇವತೆ ಥಾರ್‌ನ ಆಯುಧವಾದ ಈ ಸುತ್ತಿಗೆಯ ಆಕಾರದ ತಾಯಿತಗಳು ಸಾವಿರಕ್ಕೂ ಹೆಚ್ಚು ಸಿಕ್ಕಿವೆ. ಆರಂಭಿಕರಿಗೆ ನಾನು ಸೂಚಿಸುವವು ಇವು.

ಸ್ಕೋನೆಯ ಸುತ್ತಿಗೆ. ದಕ್ಷಿಣ ಸ್ವೀಡನ್ನಿನ ಈ ಬೆಳ್ಳಿ ಪದಕ ಸ್ಟಾಕ್‌ಹೋಮಿನ ಇತಿಹಾಸ ಮ್ಯೂಸಿಯಮ್ಮಿನಲ್ಲಿದೆ. ಮೇಲ್ತುದಿಯಲ್ಲಿ ದಿಟ್ಟಿಸುವ ಎರಡು ಕಣ್ಣು, ಕೊಕ್ಕು, ಬೇಟೆಹಕ್ಕಿಯ ಮುಖ. ಮೈಮೇಲೆಲ್ಲ ತಂತಿ ಕೆಲಸ. ಮಾರುಕಟ್ಟೆಯಲ್ಲಿ ಅತಿ ಹೆಚ್ಚು ನಕಲಾಗಿರುವುದೂ ಅತಿ ಕೆಟ್ಟದಾಗಿ ನಕಲಾಗಿರುವುದೂ ಇದೇ.

ಕೊಬೆಲೆವ್ ಸುತ್ತಿಗೆ. ಡೆನ್ಮಾರ್ಕಿನ ಲೋಲಂಡ್ ದ್ವೀಪದಲ್ಲಿ 2014ರಲ್ಲಿ ಬೆಳಕಿಗೆ ಬಂತು. ಹತ್ತನೇ ಶತಮಾನದ ಕಂಚಿನ ಎರಕ. ಇದರ ಮೇಲೆ "ಇದು ಸುತ್ತಿಗೆ" ಎಂದು ರೂನ್‌ಗಳಲ್ಲಿ ಕೊರೆದಿದ್ದಾರೆ. ಈ ಪದಕಗಳು ನಿಜವಾಗಿ ಸುತ್ತಿಗೆಯೇ, ಬೇರೇನಾದರೂ ಇರಬಹುದೇ ಎಂಬ ಹಳೆಯ ಚರ್ಚೆಗೆ ಅಷ್ಟು ಪುಟ್ಟ ವಸ್ತುವೇ ಉತ್ತರ ಕೊಟ್ಟಂತಾಯಿತು. ಕೊರೆದವನು "ಹಮರ್" ಎಂದು ಬರೆಯುವಾಗ "ಹ"ದ ಮುಂದಿನ ಸ್ವರವನ್ನು ಬಿಟ್ಟಿದ್ದಾನೆ. ಒಳ್ಳೆಯ ಪ್ರತಿಕೃತಿಯಲ್ಲಿ ಆ ಅಕ್ಷರ ಇರಬಾರದು. ಯಾರಾದರೂ ಕಾಗುಣಿತ ತಿದ್ದಿ ಮಾರುತ್ತಿದ್ದರೆ ಅವರ ಶ್ರದ್ಧೆಗೆ ನಮಸ್ಕಾರ ಹೇಳಿ ಮುಂದೆ ಸಾಗಿ.

ಫೋಸ್ ಪದಕ. ಐಸ್‌ಲ್ಯಾಂಡಿನದು, ರೇಕ್ಯಾವಿಕ್‌ನ ರಾಷ್ಟ್ರೀಯ ಮ್ಯೂಸಿಯಮ್ಮಿನಲ್ಲಿದೆ. ಮೇಲೆ ಬಾಯಿ ತೆರೆದ ತೋಳದಂಥ ತಲೆ, ಕೆಳಗೆ ಶಿಲುಬೆಯಂಥ ಮೈ. ಸುತ್ತಿಗೆಯೋ ಶಿಲುಬೆಯೋ ಎಂಬ ಚರ್ಚೆ ಮುಗಿದಿಲ್ಲ. ಆ ಕಾಲಕ್ಕೆ ಅದು ವಿಚಿತ್ರವೂ ಅಲ್ಲ: ಡೆನ್ಮಾರ್ಕಿನ ಟ್ರೆಂಡ್‌ಗೋರ್ಡೆನ್‌ನಲ್ಲಿ ಸಿಕ್ಕ ಬಳಪದ ಕಲ್ಲಿನ ಎರಕದಚ್ಚಿನಲ್ಲಿ ಶಿಲುಬೆಗೂ ಸುತ್ತಿಗೆಗೂ ಪಕ್ಕಪಕ್ಕದಲ್ಲೇ ಗುಳಿಗಳಿವೆ. ಗಿರಾಕಿಯ ದೇವರು ಯಾರಾದರೇನು, ಆ ಅಕ್ಕಸಾಲಿಗನ ವ್ಯಾಪಾರ ನಿಂತಿರಲಾರದು.

ಸುತ್ತಿಗೆ ಬೇಡವೆಂದರೆ ಡೆನ್ಮಾರ್ಕಿನ ಹೋರ್ಬಿಯಲ್ಲಿ 2012ರಲ್ಲಿ ಸಿಕ್ಕ ಕತ್ತಿ-ಗುರಾಣಿ ಹಿಡಿದ ಹೆಣ್ಣಿನ ಪ್ರತಿಮೆ ಇದೆ. ಎತ್ತರ 3.4 ಸೆಂಟಿಮೀಟರ್, ಬೆಳ್ಳಿಗೆ ಚಿನ್ನದ ಲೇಪ, ಹಿಂದೆ ಗಂಟು ಹಾಕಿ ಇಳಿಬಿಟ್ಟ ಕೂದಲು. ಅದೇ ದೇಶದ ಲೇರೆಯಲ್ಲಿ 2009ರಲ್ಲಿ ಸಿಕ್ಕ, ಎರಡು ಹಕ್ಕಿಗಳ ನಡುವೆ ಸಿಂಹಾಸನದಲ್ಲಿ ಕುಳಿತ ಬೆಳ್ಳಿಯ ಆಕೃತಿ ಎರಡು ಸೆಂಟಿಮೀಟರ್ ಕೂಡ ಇಲ್ಲ. ಅಂಗಡಿಗಳಲ್ಲಿ ಅದರ ಹೆಸರು "ಓಡಿನ್", ಅಂದರೆ ವೈಕಿಂಗರ ದೇವತೆಗಳ ಒಡೆಯ. ಆದರೆ ಉಟ್ಟ ಬಟ್ಟೆ ಹೆಂಗಸಿನದು ಎಂದು ವಾದಿಸುವ ವಿದ್ವಾಂಸರಿದ್ದಾರೆ. ವಿವರಣೆಯಲ್ಲಿ ಈ ಚರ್ಚೆಯನ್ನು ಒಂದು ಸಾಲಿನಲ್ಲಾದರೂ ಹೇಳುವ ವ್ಯಾಪಾರಿ ಸಿಕ್ಕರೆ ಅವರಲ್ಲಿ ಕೊಳ್ಳಿ.

ಯಾರೂ ಮಾರದ ಒಂದು ಬಗೆಯನ್ನೂ ಹೇಳಬೇಕು. ಸ್ವೀಡನ್ನಿನ ಮೇಲಾರೆನ್ ಸರೋವರದ ಸುತ್ತಲಿನ ಸಮಾಧಿಗಳಲ್ಲಿ ಹೆಚ್ಚಾಗಿ ಸಿಕ್ಕವು ಕಬ್ಬಿಣದ ಬಳೆಯಂಥ ಕೊರಳುಂಗುರಗಳು, ಅವಕ್ಕೆ ಪೋಣಿಸಿದ ಬೆರಳಿನ ಗೆಣ್ಣಿನಷ್ಟು ಚಿಕ್ಕ ಕಬ್ಬಿಣದ ಸುತ್ತಿಗೆಗಳು. ಅವುಗಳಲ್ಲಿ ತಂತಿ ಕೆಲಸವೂ ಇಲ್ಲ, ಹಕ್ಕಿಯ ಕಣ್ಣೂ ಇಲ್ಲ. ನಿಮ್ಮೂರಿನ ಕಮ್ಮಾರನೇ ಅರ್ಧ ದಿನದಲ್ಲಿ ಬಡಿದು ಕೊಡಬಹುದಾದ ಈ ಸಾದಾ ವಸ್ತುವೇ ಆ ಕಾಲದ ಸಾಮಾನ್ಯರ ನಂಬಿಕೆಗೆ ಹೆಚ್ಚು ಹತ್ತಿರ ಎಂಬುದು ನನ್ನ ಅಭಿಪ್ರಾಯ.

4. ಮ್ಯೂಸಿಯಂ ದಾಖಲೆ ಹುಡುಕಿ

ಸ್ಟಾಕ್‌ಹೋಮಿನ ಇತಿಹಾಸ ಮ್ಯೂಸಿಯಂ, ಕೋಪನ್‌ಹೇಗನ್ನಿನ ರಾಷ್ಟ್ರೀಯ ಮ್ಯೂಸಿಯಂ, ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂ, ಇವೆಲ್ಲ ತಮ್ಮ ಸಂಗ್ರಹವನ್ನು ಆನ್‌ಲೈನ್‌ನಲ್ಲಿ ಉಚಿತವಾಗಿ ತೆರೆದಿಟ್ಟಿವೆ. ವಸ್ತುವಿನ ಊರಿನ ಹೆಸರು ಹಾಕಿ ಹುಡುಕಿ. ಸಿಕ್ಕ ಪುಟದಿಂದ ಐದು ವಿವರ ಬರೆದುಕೊಳ್ಳಿ: ದಾಖಲೆ ಸಂಖ್ಯೆ, ಸಿಕ್ಕ ಜಾಗ, ಲೋಹ, ಅಳತೆ, ತೂಕ. ಚಿತ್ರವನ್ನೂ ಉಳಿಸಿಕೊಳ್ಳಿ, ಹಿಂಭಾಗದ ಚಿತ್ರವಿದ್ದರೆ ಅದನ್ನು ಮರೆಯಬೇಡಿ.

ಸಂಖ್ಯೆಗಳನ್ನು ಓದುವ ಬಗೆ ಹೀಗೆ. "ಎಸ್‌ಎಚ್‌ಎಂ" (SHM) ಎಂದು ಶುರುವಾದರೆ ಅದು ಸ್ಟಾಕ್‌ಹೋಮಿನ ಮ್ಯೂಸಿಯಮ್ಮಿನ ಕ್ರಮಸಂಖ್ಯೆ. "ಬಿಜೆ" (Bj) ಎಂದರೆ ಸ್ವೀಡನ್ನಿನ ಬ್ಯೋರ್ಕೋ ದ್ವೀಪ, ಅಂದರೆ ಅಲ್ಲಿದ್ದ ವೈಕಿಂಗ್ ಕಾಲದ ಬಿರ್ಕಾ ಪಟ್ಟಣದ ಸಮಾಧಿ ಸಂಖ್ಯೆ. ಪುರಾತತ್ವಜ್ಞ ಹ್ಯಾಲ್ಮಾರ್ ಸ್ಟೋಲ್ಪೆ ಅಲ್ಲಿ 1870ರ ದಶಕದಿಂದ ಸಾವಿರಕ್ಕೂ ಹೆಚ್ಚು ಸಮಾಧಿಗಳನ್ನು ಅಗೆದು, ಪ್ರತಿಯೊಂದಕ್ಕೂ ಸಂಖ್ಯೆ ಕೊಟ್ಟರು. ಯೋಧನದೆಂದು ಬಹುಕಾಲ ನಂಬಿದ್ದ, 2017ರಲ್ಲಿ ಡಿಎನ್‌ಎ ಪರೀಕ್ಷೆಯಿಂದ ಹೆಂಗಸಿನದೆಂದು ಗೊತ್ತಾದ ಸಮಾಧಿ ಬಿಜೆ 581. ಬ್ರೂಚ್‌ಗಳ ಪಕ್ಕ "ಪಿ 37", "ಪಿ 51" (P 37, P 51) ಎಂದಿದ್ದರೆ ಅದು ನಾರ್ವೆಯ ಪುರಾತತ್ವಜ್ಞ ಯಾನ್ ಪೆಟೆರ್ಸೆನ್ 1928ರಲ್ಲಿ ಮಾಡಿದ ವರ್ಗೀಕರಣ: ಅದು ಮಾದರಿಯ ಸಂಖ್ಯೆ, ಒಂದು ನಿರ್ದಿಷ್ಟ ವಸ್ತುವಿನದಲ್ಲ. "ಪಿ 51 ಪ್ರತಿಕೃತಿ" ಎಂದಷ್ಟೇ ಹೇಳುವ ವ್ಯಾಪಾರಿಗೆ "ಯಾವ ಸಮಾಧಿಯ ಪಿ 51?" ಎಂದು ಮರುಪ್ರಶ್ನೆ ಹಾಕಿ.

"ಬಿರ್ಕಾ ಶೈಲಿಯ", "ಉತ್ಖನನದಿಂದ ಪ್ರೇರಿತ", "ಐತಿಹಾಸಿಕ ಆಧಾರದ" ಎಂಬ ಮಾತುಗಳಿಗೆ ದಾಖಲೆಯ ಬೆಲೆ ಇಲ್ಲ.

5. ಲೋಹವನ್ನು ಪರೀಕ್ಷಿಸಿ

ವೈಕಿಂಗರ ಬೆಳ್ಳಿ ಬಹುಪಾಲು ಅರಬ್ ನಾಣ್ಯಗಳಿಂದ ಬಂದದ್ದು. ಮಧ್ಯ ಏಷ್ಯಾದ ಟಂಕಸಾಲೆಗಳ ದಿರ್ಹಮ್‌ಗಳು ವೋಲ್ಗಾ ನದಿಯ ದಾರಿಯಲ್ಲಿ ಉತ್ತರಕ್ಕೆ ಹರಿದವು. ಗೋಟ್ಲಂಡಿನ ಸ್ಪಿಲಿಂಗ್ಸ್ ಎಂಬಲ್ಲಿ 1999ರಲ್ಲಿ ಸಿಕ್ಕ ನಿಧಿಯೊಂದರಲ್ಲೇ ಸುಮಾರು 67 ಕಿಲೋ ಬೆಳ್ಳಿಯಿತ್ತು. ನಾಣ್ಯ ಕರಗಿಸಿ ಕಡಗ ಮಾಡುವುದು, ವ್ಯಾಪಾರಕ್ಕೆ ಬೇಕಾದಾಗ ಕಡಗವನ್ನೇ ತುಂಡರಿಸಿ ತೂಗುವುದು ಅಂದಿನ ರೂಢಿ. ಹಾಗಾಗಿ ಮೂಲ ಬೆಳ್ಳಿಯದಾದರೆ ಪ್ರತಿಕೃತಿಯೂ ಬೆಳ್ಳಿಯದೇ ಇದ್ದರೆ ಚೆನ್ನ. ಮೂಲ ಕಂಚಾದರೆ ಕಂಚೇ ಸರಿ, ಬೆಳ್ಳಿಯದಕ್ಕೆ ದುಡ್ಡು ಸುರಿಯಬೇಕಿಲ್ಲ.

925 ಎಂಬ ಗುರುತು ಇದ್ದರೆ ಸಾವಿರ ಭಾಗದಲ್ಲಿ 925 ಭಾಗ ಬೆಳ್ಳಿ, ಉಳಿದದ್ದು ಸಾಮಾನ್ಯವಾಗಿ ತಾಮ್ರ. ಗುರುತನ್ನು ಯಾರು ಬೇಕಾದರೂ ಒತ್ತಬಹುದು, ಆದ್ದರಿಂದ ಅದೊಂದನ್ನೇ ನಂಬಬೇಡಿ. "ಜರ್ಮನ್ ಸಿಲ್ವರ್" ನಮ್ಮವರಿಗೆ ಗೊತ್ತಿರುವುದೇ: ತಾಮ್ರ, ನಿಕ್ಕಲ್, ಸತುವಿನ ಮಿಶ್ರಣ, ಬೆಳ್ಳಿ ಚೂರೂ ಇಲ್ಲ. "ಟಿಬೆಟನ್ ಸಿಲ್ವರ್", "ಆ್ಯಂಟಿಕ್ ಸಿಲ್ವರ್" ಎಂಬ ಹೆಸರಿನಲ್ಲಿ ಬರುವುದು ಹೆಚ್ಚಾಗಿ ಸತುವಿನ ಮಿಶ್ರಲೋಹ.

ಮನೆಯಲ್ಲೇ ಹೀಗೆ ನೋಡಿ. ಆಯಸ್ಕಾಂತ ಹಿಡಿಯಿರಿ, ಅಂಟಿಕೊಂಡರೆ ಒಳಗೆ ಕಬ್ಬಿಣವಿದೆ. ಅಂಟದಿದ್ದ ಮಾತ್ರಕ್ಕೆ ಬೆಳ್ಳಿಯಾಗುವುದಿಲ್ಲ, ಸತುವೂ ಅಂಟುವುದಿಲ್ಲ. ಮುಂದೆ ಪದಕವನ್ನು ಒಣಗಿದ್ದಾಗ ತೂಗಿ ಬರೆದುಕೊಳ್ಳಿ. ಬಳಿಕ ನೀರಿನ ಲೋಟವನ್ನು ತಕ್ಕಡಿಯ ಮೇಲಿಟ್ಟು ಸೊನ್ನೆಗೆ ತನ್ನಿ. ಪದಕವನ್ನು ತೆಳು ದಾರಕ್ಕೆ ಕಟ್ಟಿ, ತಳಕ್ಕೂ ಗೋಡೆಗೂ ತಾಗದಂತೆ ಪೂರ್ತಿ ಮುಳುಗಿಸಿ ಹಿಡಿಯಿರಿ. ಈಗ ತಕ್ಕಡಿ ತೋರಿಸುವ ಅಂಕೆಯಿಂದ ಒಣತೂಕವನ್ನು ಭಾಗಿಸಿ. ಒಣತೂಕ 20.8 ಗ್ರಾಂ, ನೀರಿನಲ್ಲಿ ತೋರಿಸಿದ್ದು 2 ಗ್ರಾಂ ಆದರೆ ಉತ್ತರ 10.4, ಅದು 925 ಬೆಳ್ಳಿಯ ಸಾಂದ್ರತೆಗೆ ಹೊಂದುತ್ತದೆ. ಎಂಟೂವರೆಯಿಂದ ಒಂಬತ್ತರೊಳಗೆ ಬಂದರೆ ಕಂಚು, ಹಿತ್ತಾಳೆ ಅಥವಾ ಜರ್ಮನ್ ಸಿಲ್ವರ್. ಏಳರ ಆಸುಪಾಸಿನಲ್ಲಿದ್ದರೆ ಸತು ಅಥವಾ ತವರದ ಮಿಶ್ರಣ. ತಂತಿ ಕೆಲಸದ ಸಂದಿಗಳಲ್ಲಿ ಗಾಳಿಗುಳ್ಳೆ ಕೂತರೆ ಲೆಕ್ಕ ತಪ್ಪುತ್ತದೆ. ಮುಳುಗಿಸಿದ ಮೇಲೆ ಮೆಲ್ಲಗೆ ಅಲ್ಲಾಡಿಸಿ ಗುಳ್ಳೆ ಬಿಡಿಸಿ. ಹರಳು ಕೂರಿಸಿದ ಪದಕಕ್ಕೂ ಒಳಗೆ ಟೊಳ್ಳಿರುವುದಕ್ಕೂ ಈ ಪರೀಕ್ಷೆ ಬೇಡ.

ನಿಕ್ಕಲ್‌ನಿಂದ ಹಲವರಿಗೆ ಚರ್ಮ ಕೆರೆತ ಬರುತ್ತದೆ. ಆನ್‌ಲೈನ್‌ನಲ್ಲಿ ಕೊಳ್ಳುವಾಗ "ನಿಕ್ಕಲ್, ಸೀಸ, ಕ್ಯಾಡ್ಮಿಯಂ ಇಲ್ಲ" ಎಂಬ ಲಿಖಿತ ಭರವಸೆ ಕೇಳಿ. ಬಾಯಿಗೆ ಹಾಕಿಕೊಳ್ಳುವ ಮಕ್ಕಳಿರುವ ಮನೆಗೆ ಅಗ್ಗದ ತವರದ ಪದಕ ತರಲೇಬೇಡಿ.

6. ಮಸೂರದಡಿಯಲ್ಲಿ ನೋಡಿ

ಮೊದಲು ಅಳತೆ. ದೊಡ್ಡದಿದ್ದರೆ ಫೋಟೋದಲ್ಲಿ ಚೆನ್ನಾಗಿ ಕಾಣುತ್ತದೆಂದು ಪ್ರತಿಕೃತಿಗಳನ್ನು ಹಿಗ್ಗಿಸುವುದು ಮಾಮೂಲು. ಲೇರೆಯ ಆಕೃತಿ ಅಂಗೈ ತುಂಬುವಂತಿದ್ದರೆ ಅದು ಪ್ರತಿಕೃತಿಯಾಗಿ ಉಳಿದಿಲ್ಲ. ಇದರ ಉಲ್ಟಾ ದೋಷವೂ ಇದೆ: ಬೇರೊಬ್ಬರ ಪ್ರತಿಕೃತಿಯ ಮೇಲೆ ರಬ್ಬರ್ ಅಚ್ಚು ಒತ್ತಿ ಮತ್ತೆ ಎರಕ ಹೊಯ್ದದ್ದು. ಕರಗಿದ ಲೋಹ ಗಟ್ಟಿಯಾಗುವಾಗ ಪ್ರತಿಸಲವೂ ತುಸು ಕುಗ್ಗುತ್ತದೆ, ಗೆರೆಗಳು ಮೊಂಡಾಗುತ್ತವೆ. ಮೂಲಕ್ಕಿಂತ ಸ್ವಲ್ಪ ಚಿಕ್ಕದಾಗಿ, ಸವೆದ ಸಾಬೂನಿನಂತೆ ಕಾಣುವ ಪದಕ ಕದ್ದ ಅಚ್ಚಿನದು.

ಆಮೇಲೆ ತಂತಿ ಕೆಲಸ. ಸ್ಕೋನೆಯ ಸುತ್ತಿಗೆಯಂಥ ಮೂಲಗಳಲ್ಲಿ ನೂಲಿನಷ್ಟು ಸಣ್ಣ ತಂತಿಯನ್ನು, ರವೆಯಷ್ಟು ಸಣ್ಣ ಬೆಳ್ಳಿ ಗುಂಡುಗಳನ್ನು ಒಂದೊಂದಾಗಿ ಇಟ್ಟು ಬೆಸೆದಿರುತ್ತಾರೆ. ಕೈಯಿಂದ ಬೆಸೆದದ್ದಾದರೆ ಪ್ರತಿ ಗುಂಡಿನ ಬುಡದಲ್ಲಿ ಕಪ್ಪು ಸಂದಿ ಕಾಣುತ್ತದೆ, ಒಂದೆರಡು ಗುಂಡು ಸಾಲು ತಪ್ಪಿರುತ್ತವೆ. ಒಟ್ಟಿಗೆ ಎರಕ ಹೊಯ್ದದ್ದಾದರೆ ಗುಂಡುಗಳು ನೆಲದಿಂದ ಎದ್ದ ಗುಳ್ಳೆಗಳಂತೆ ಮೆತ್ತಿಕೊಂಡಿರುತ್ತವೆ, ಸಂದಿ ಇರುವುದಿಲ್ಲ. ಎರಕದ್ದು ಅಗ್ಗ, ಕೈಕೆಲಸದ್ದು ಅದರ ಹಲವು ಪಟ್ಟು ದುಬಾರಿ. ಎರಕದ್ದನ್ನು ಕೈಕೆಲಸದ ಬೆಲೆಗೆ ಮಾರುತ್ತಿದ್ದಾರೆಯೇ ಎಂದು ನೋಡಿ.

ತೂಕವೂ ಗುಟ್ಟು ಬಿಟ್ಟುಕೊಡುತ್ತದೆ. ಜರ್ಮನಿಯ ಹಿಡೆನ್ಸೇ ದ್ವೀಪದ ತೀರದಲ್ಲಿ 1870ರ ದಶಕದ ಆರಂಭದಲ್ಲಿ, ಬಿರುಗಾಳಿಯ ಪ್ರವಾಹದ ಬಳಿಕ ಸಿಕ್ಕ 16 ಚಿನ್ನದ ಒಡವೆಗಳ ಒಟ್ಟು ತೂಕ ಸುಮಾರು 600 ಗ್ರಾಂ. ಅವುಗಳ ಪದಕಗಳು ಗಟ್ಟಿ ಎರಕದವಲ್ಲ. ತೆಳ್ಳನೆಯ ಚಿನ್ನದ ತಗಡನ್ನು ಅಚ್ಚಿನ ಮೇಲೊತ್ತಿ, ಮೇಲೆ ತಂತಿ ಮತ್ತು ಗುಂಡು ಬೆಸೆದವು. ಹೇಡೆಬಿ ಎಂಬ ವೈಕಿಂಗ್ ಪಟ್ಟಣದ ಬಂದರಿನಲ್ಲಿ ಇಂಥ ಕಂಚಿನ ಒತ್ತಚ್ಚುಗಳು ನಲವತ್ತರಷ್ಟು ಒಟ್ಟಿಗೇ ಸಿಕ್ಕಿವೆ. ಹಿಡೆನ್ಸೇ ಪದಕದ ಪ್ರತಿಕೃತಿ ಕೈಯಲ್ಲಿ ಕಲ್ಲಿನಂತೆ ಭಾರವಾಗಿದ್ದರೆ ಅದು ಇಡಿಯಾಗಿ ಎರಕ ಹೊಯ್ದದ್ದೇ.

ಕೊನೆಗೆ ಹಿಂಭಾಗವನ್ನು ತಿರುಗಿಸಿ ನೋಡಿ. ಒಳ್ಳೆಯ ತಯಾರಕರು ಅಲ್ಲೂ ಮೂಲವನ್ನೇ ಅನುಸರಿಸುತ್ತಾರೆ: ಸೂಜಿ, ಸೂಜಿ ಸಿಕ್ಕಿಸುವ ಕೊಂಡಿ ಹಳೆಯ ಬಗೆಯವೇ ಆಗಿರುತ್ತವೆ. ಹಿಂದೆ ಅಂಗಡಿಯ ಸೇಫ್ಟಿ ಪಿನ್ ಅಂಟಿಸಿದ್ದರೆ ನಿಮಗೇ ಗೊತ್ತಾಗುತ್ತದೆ. ಹೋರ್ಬಿಯ ಪ್ರತಿಮೆಯಂಥವುಗಳ ಗೆರೆಗಳಲ್ಲಿರುವ ಕಪ್ಪು ಬಣ್ಣ ನಿಯೆಲ್ಲೋ, ಅಂದರೆ ಲೋಹವನ್ನು ಗಂಧಕದೊಂದಿಗೆ ಕಾಯಿಸಿ ಮಾಡಿದ ಕಪ್ಪು ತುಂಬುಪದಾರ್ಥ. ಪ್ರತಿಕೃತಿಯಲ್ಲಿ ಅದರ ಬದಲು ರಾಸಾಯನಿಕದಿಂದ ಕಪ್ಪಾಗಿಸುವುದು ಸಾಮಾನ್ಯ, ಅದು ಕ್ಷಮ್ಯ. ಬರೀ ಬಣ್ಣ ಬಳಿದಿದ್ದರೆ ಒದ್ದೆ ಹತ್ತಿಯಲ್ಲಿ ಉಜ್ಜಿದಾಗ ಬಿಡುತ್ತದೆ.

7. "ಅಸಲಿ" ಎಂದು ಮಾರುವವರಿಂದ ದೂರವಿರಿ

"ಹತ್ತನೇ ಶತಮಾನದ ಅಸಲಿ ತಾಯಿತ, ಪ್ರಮಾಣಪತ್ರದೊಂದಿಗೆ" ಎಂದು ಹರಾಜಿನ ತಾಣಗಳಲ್ಲಿ ಕಾಣುವುದು ಒಂದೋ ನಕಲಿ, ಇಲ್ಲವೇ ಕಳ್ಳಮಾಲು ಆಗಿರುವ ಸಾಧ್ಯತೆ ಹೆಚ್ಚು. ನಾರ್ವೆಯಲ್ಲಿ 1537ಕ್ಕಿಂತ ಹಳೆಯ ನೆಲದಡಿಯ ವಸ್ತು ಸರ್ಕಾರದ್ದು. ಡೆನ್ಮಾರ್ಕಿನಲ್ಲಿ ನಿಧಿಯೆನಿಸುವ ವಸ್ತುಗಳನ್ನು ರಾಷ್ಟ್ರೀಯ ಮ್ಯೂಸಿಯಮ್ಮಿಗೆ ಒಪ್ಪಿಸಲೇಬೇಕು, ಒಪ್ಪಿಸಿದವರಿಗೆ ಬಹುಮಾನವಿದೆ. ಸ್ವೀಡನ್ನಿನಲ್ಲಿ ಲೋಹಶೋಧಕ ಹಿಡಿದು ಹುಡುಕುವುದಕ್ಕೇ ಅನುಮತಿ ಬೇಕು. ಪ್ರಮಾಣಪತ್ರವನ್ನು ಮಾರುವವರೇ ಮುದ್ರಿಸುತ್ತಾರೆ. ಈ ಗೊಡವೆಯೇ ಬೇಡ.

8. ಆರ್ಡರ್ ಮಾಡುವ ಮುನ್ನ ಈ ಸಂದೇಶ ಕಳಿಸಿ

ಮೊದಲು ಮ್ಯೂಸಿಯಮ್ಮುಗಳ ಸ್ವಂತ ಮಾರಾಟ ಮಳಿಗೆಗಳನ್ನು ನೋಡಿ. ಅಲ್ಲಿ ಸಿಗದಿದ್ದರೆ ಬಿಡಿ ಕುಶಲಕರ್ಮಿಗಳನ್ನು ಹುಡುಕಿ ಹೀಗೆ ಕೇಳಿ: "ಇದು ಯಾವ ಊರಿನಲ್ಲಿ ಸಿಕ್ಕ ವಸ್ತುವಿನ ಪ್ರತಿಕೃತಿ? ದಾಖಲೆ ಸಂಖ್ಯೆ ಏನು? ಅಳತೆ ಮೂಲದಷ್ಟೇ ಇದೆಯೇ, ಬದಲಿಸಿದ್ದೀರಾ? ನೇತುಹಾಕುವ ಬಳೆ ಮೂಲದಲ್ಲಿತ್ತೇ, ನೀವು ಸೇರಿಸಿದ್ದೇ? ಎರಕವೇ, ಬೆಸುಗೆಯೇ? ಹಿಂಭಾಗದ ಚಿತ್ರ ಕಳಿಸುತ್ತೀರಾ?" ಕೆಲಸ ಗೊತ್ತಿರುವವರು ಸಂತೋಷದಿಂದ ಉದ್ದುದ್ದ ಉತ್ತರ ಬರೆಯುತ್ತಾರೆ. ಗೊತ್ತಿಲ್ಲದವರು ರಿಯಾಯಿತಿ ಕೂಪನ್ ಕಳಿಸುತ್ತಾರೆ.

ವಿದೇಶದಿಂದ ತರಿಸುವುದಾದರೆ ಕಸ್ಟಮ್ಸ್ ಸುಂಕ ಮತ್ತು ಕೊರಿಯರ್‌ನವರ ಶುಲ್ಕ ಸೇರಿ ಬೆಲೆ ಗಮನಾರ್ಹವಾಗಿ ಏರುತ್ತದೆ. ಬೆಳ್ಳಿ ಒಡವೆಯ ಆಮದು ನಿಯಮಗಳು ಆಗಾಗ ಬದಲಾಗುತ್ತವೆ, ದುಡ್ಡು ಕಟ್ಟುವ ದಿನ ಮತ್ತೊಮ್ಮೆ ನೋಡಿಕೊಳ್ಳಿ.

9. ಇಲ್ಲೇ ಮಾಡಿಸುವ ದಾರಿ

ನಮ್ಮ ಅಕ್ಕಸಾಲಿಗರಿಗೆ ಮೇಣದ ಅಚ್ಚಿನ ಎರಕವೂ ಗೊತ್ತು, ತಂತಿ ಕೆಲಸವೂ ಗೊತ್ತು. ಸಾವಿರ ವರ್ಷ ಹಳೆಯ ವಸ್ತುವಿಗೆ ಯಾರ ಕೃತಿಸ್ವಾಮ್ಯವೂ ಇಲ್ಲ. ಆದರೆ ಇಂದಿನ ಕಲಾವಿದರೊಬ್ಬರು ಬದಲಿಸಿ ಮಾಡಿದ ವಿನ್ಯಾಸವನ್ನು ಕೊಟ್ಟು ನಕಲು ಮಾಡಿಸಬೇಡಿ. ಮ್ಯೂಸಿಯಂ ಚಿತ್ರವನ್ನು ವಸ್ತುವಿನ ನಿಜ ಅಳತೆಗೆ ಮುದ್ರಿಸಿ ಕೊಂಡೊಯ್ಯಿರಿ. ಮೊಬೈಲ್ ಪರದೆ ತೋರಿಸಿದರೆ ಅಳತೆ ಕೈತಪ್ಪುತ್ತದೆ. ಎರಡು ಮಾತನ್ನು ಮೊದಲೇ ಒತ್ತಿ ಹೇಳಿ: ಕನ್ನಡಿಯಂತೆ ಮೆರುಗು ಕೊಡುವುದು ಬೇಡ, ವಕ್ರವಾಗಿರುವುದನ್ನು ನೇರ ಮಾಡುವುದೂ ಬೇಡ. ನುರಿತ ಕೈ ತನ್ನಷ್ಟಕ್ಕೇ ಎಡಬಲಗಳನ್ನು ಸರಿದೂಗಿಸಿಬಿಡುತ್ತದೆ, ಆಗ ಸ್ಕೋನೆಯ ಹಕ್ಕಿ ನಮ್ಮೂರ ಗರುಡನಾಗುತ್ತದೆ.

ಸರಪಣಿಗೆ ನಮ್ಮ ಕಡೆಯ ನಂಟು ಇನ್ನೂ ಹತ್ತಿರದ್ದು. ಒಂದೇ ತಂತಿಯನ್ನು ಕುಣಿಕೆ ಕುಣಿಕೆಯಾಗಿ ಕೊಳವೆಯಂತೆ ಹೆಣೆದ ವೈಕಿಂಗ್ ಸರಗಳನ್ನು ಬ್ರಿಟಿಷ್ ಪುರಾತತ್ವಜ್ಞರು "ಟ್ರಿಚಿನಾಪಲ್ಲಿ" ಕೆಲಸ ಎಂದು ಕರೆದರು. ತಮಿಳುನಾಡಿನ ತಿರುಚಿರಾಪಳ್ಳಿಯಿಂದ ಅದೇ ಬಗೆಯ ಸರಗಳು ಅವರಿಗೆ ಪರಿಚಿತವಾಗಿದ್ದವು. ಯಂತ್ರದ ಸರಕ್ಕಿಂತ ಇಂಥ ಕೈಹೆಣಿಗೆಯ ಸರ ಪದಕಕ್ಕೆ ಎಷ್ಟೋ ಒಪ್ಪುತ್ತದೆ.

10. ತೊಡುವ ಬಗೆ

ಸುತ್ತಿಗೆ ಪದಕವನ್ನು ಗಂಡಸರು ಮಾತ್ರ ತೊಡಬೇಕೆಂಬ ನಿಯಮ ಇರಲಿಲ್ಲ. ಹೆಂಗಸರ ಸಮಾಧಿಗಳಲ್ಲೂ ಸಿಕ್ಕಿದೆ. ಅಂಡಾಕಾರದ ಬ್ರೂಚ್ ಕೊಂಡರೆ ಜೋಡಿಯಾಗಿಯೇ ಕೊಳ್ಳಿ. ಒಂದೊಂದೂ ಹತ್ತು ಸೆಂಟಿಮೀಟರ್‌ನಷ್ಟು ಉದ್ದ. ಮೇಲುಡುಪಿನ ಪಟ್ಟಿಗಳನ್ನು ಹಿಡಿದಿಡುವುದು ಅದರ ಕೆಲಸವಾಗಿತ್ತು; ಮೂಲ ಬ್ರೂಚ್‌ಗಳ ಒಳಗೆ ಆ ನಾರುಬಟ್ಟೆಯ ಕುಣಿಕೆಗಳ ಚೂರು ಲೋಹದ ಕಿಲುಬಿನಲ್ಲಿ ಕಚ್ಚಿಕೊಂಡು ಇಂದಿಗೂ ಉಳಿದಿವೆ. ತೆಳ್ಳನೆಯ ಕುರ್ತಾಕ್ಕೆ ಚುಚ್ಚಿದರೆ ಬಟ್ಟೆ ಹರಿಯುತ್ತದೆ, ದಪ್ಪ ಉಣ್ಣೆಗೆ ಚುಚ್ಚಿ.

ಎರಡು ಬ್ರೂಚ್‌ಗಳ ನಡುವೆ ಮಣಿಗಳ ಸಾಲು ಬರುತ್ತದೆ. 922ರಲ್ಲಿ ವೋಲ್ಗಾ ತೀರದಲ್ಲಿ ರೂಸ್ ವರ್ತಕರನ್ನು (ಪೂರ್ವದ ನದಿದಾರಿಗಳಲ್ಲಿ ವ್ಯಾಪಾರ ಮಾಡುತ್ತಿದ್ದ ವೈಕಿಂಗರನ್ನು) ಕಂಡ ಬಾಗ್ದಾದಿನ ರಾಯಭಾರಿ ಇಬ್ನ್ ಫದ್ಲಾನ್, ಅವರು ಹಸಿರು ಮಣಿಗೆ ಪ್ರಾಣ ಬಿಡುತ್ತಾರೆ, ಒಂದಕ್ಕೆ ಒಂದು ದಿರ್ಹಮ್ ಕೊಡುತ್ತಾರೆ ಎಂದು ಬರೆದಿದ್ದಾನೆ. ಬಿರ್ಕಾದ ಸಮಾಧಿಗಳಲ್ಲಿ ಕೆಂಪು ಕಾರ್ನೀಲಿಯನ್ ಮಣಿಗಳೂ ಬಹಳ. ಅವುಗಳ ಕಲ್ಲು ಗುಜರಾತಿನ ಕಡೆಯಿಂದಲೂ ಹೋಗಿರಬಹುದೆಂದು ಭಾವಿಸುವವರಿದ್ದಾರೆ. ಖಂಭಾತ್‌ನಲ್ಲಿ ಈ ಕಲ್ಲನ್ನು ಇಂದಿಗೂ ಮಣಿ ಮಾಡುತ್ತಾರೆ, ಹಾಗಾಗಿ ನಿಮಗೆ ಸುಲಭವಾಗಿ ಸಿಗುತ್ತದೆ.

ಭಾರತದ ನಂಟು ಹುಡುಕುವವರಿಗೆ ಒಂದು ಎಚ್ಚರಿಕೆ. ನಾರ್ವೆಯ ಓಸೆಬೆರ್ಗ್‌ನಲ್ಲಿ ಸಮಾಧಿಯಾಗಿ ಹೂತಿಟ್ಟ ಹಡಗಿನಲ್ಲಿ ಸಿಕ್ಕ ಬಕೆಟ್ಟೊಂದರ ಹಿಡಿಕೆಯ ಬುಡದಲ್ಲಿ ಪದ್ಮಾಸನ ಹಾಕಿದಂತಿರುವ ಆಕೃತಿ ಇದೆ. ಅದರ ಪದಕವನ್ನು "ವೈಕಿಂಗ್ ಬುದ್ಧ" ಎಂದು ಮಾರುತ್ತಾರೆ. ಅದು ಬ್ರಿಟನ್-ಐರ್ಲೆಂಡ್ ಕಡೆಯ ಕೆಲಸ, ಬುದ್ಧನಿಗೂ ಅದಕ್ಕೂ ಸಂಬಂಧವಿಲ್ಲ. ನಿಜವಾದ ಬುದ್ಧ ಸಿಕ್ಕಿದ್ದು ಸ್ವೀಡನ್ನಿನ ಹೆಲ್ಗೋ ದ್ವೀಪದಲ್ಲಿ, 1950ರ ದಶಕದ ಉತ್ಖನನದಲ್ಲಿ: ಭಾರತ ಉಪಖಂಡದ ವಾಯವ್ಯ ಭಾಗದಲ್ಲಿ ಆರನೇ ಶತಮಾನದ ಹೊತ್ತಿಗೆ ಎರಕ ಹೊಯ್ದ ಎಂಟು ಸೆಂಟಿಮೀಟರ್ ಎತ್ತರದ ಕಂಚಿನ ಮೂರ್ತಿ.

11. ಕಾಪಾಡಿಕೊಳ್ಳುವುದು

ಬೆಳ್ಳಿಯನ್ನು ಗಾಳಿಯಾಡದ ಪ್ಲಾಸ್ಟಿಕ್ ಚೀಲದಲ್ಲಿಡಿ, ಮೆತ್ತನೆಯ ಬಟ್ಟೆಯಿಂದ ಒರೆಸಿ. ಹಬ್ಬದ ಪಾತ್ರೆ ಬೆಳಗುವ ಉತ್ಸಾಹದಲ್ಲಿ ಪುಡಿ ಹಾಕಿ ತಿಕ್ಕಿದರೆ ಗೆರೆಗಳೊಳಗಿನ ಕಪ್ಪೆಲ್ಲ ಹೋಗಿ ಮುಖವೇ ಕಾಣದಂತಾಗುತ್ತದೆ. ಬೆಳ್ಳಿ ಅದ್ದಿ ತೆಗೆಯುವ ದ್ರಾವಣವೂ ಅದನ್ನೇ ಮಾಡುತ್ತದೆ. ಕಂಚಿನ ಪದಕ ಬೆವರಿಗೆ ಹಸಿರುಗಟ್ಟಿ ಕೊರಳಿಗೆ ಕಲೆ ಮಾಡುತ್ತದೆ. ತೊಟ್ಟು ಬಿಚ್ಚಿದ ಮೇಲೆ ಒರೆಸಿ, ಹಿಂಭಾಗಕ್ಕೆ ತೆಳುವಾಗಿ ಜೇನುಮೇಣ ಸವರಿ. ಕಬ್ಬಿಣದ್ದಕ್ಕೂ ಮೇಣವೇ, ಮಳೆಗಾಲದಲ್ಲಿ ತುಸು ಧಾರಾಳವಾಗಿ. ಆಂಬರ್ ಮಣಿ ಅಥವಾ ಪದಕವಿದ್ದರೆ ಸೆಂಟು, ಸ್ಯಾನಿಟೈಸರ್, ಬಿಸಿನೀರು ಮೂರರಿಂದಲೂ ದೂರವಿಡಿ. ಅದು ಮರದ ಅಂಟು ಕಲ್ಲಾದದ್ದು. ಮದ್ಯಸಾರ ತಾಗಿದ ಜಾಗ ಮಂಕಾದರೆ ಮತ್ತೆ ಮೆರುಗು ಕೊಡಿಸಲು ಅಕ್ಕಸಾಲಿಗರ ಬಳಿಗೇ ಹೋಗಬೇಕು.